ಮುಂದಿನ ಐದು ವರ್ಷದ ಯೋಜನೆಗೆ ನಮ್ಮ ವಾರ್ಡಿನಿಂದ ಎಂತ ಬರೆದುಕೊಡೋಣ? ಕಾಸರಗೋಡಿನವರು ಹೇಳಿ

ಬೈಲಿನ ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಕೇರಳದ 14ನೇ ಪಂಚವಾರ್ಷಿಕ ಯೋಜನೆ 2022ರಲ್ಲಿ ಶುರುವಾದದ್ದು. 2027ರ ಮಾರ್ಚಿಗೆ ಮುಗಿಯುತ್ತದೆ. ಅದರ ನಂತರ ನಮ್ಮ ನಗರಸಭೆ, ಪಂಚಾಯತುಗಳು ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕು ಅನ್ನುವ ಲೆಕ್ಕ ಹಾಕುವವರು ಯಾರು? 2025ರ ಡಿಸೆಂಬರಿನಲ್ಲಿ ನಾವು ಓಟು ಹಾಕಿ ಕಳಿಸಿದ ಹೊಸ ಸದಸ್ಯರೇ. ಹಾಗಾಗಿ ನಮ್ಮ ಮಾತು ಹೇಳಲಿಕ್ಕೆ ಇದೇ ಸಮಯ ಅಂತ ನನಗೆ ಅನಿಸುತ್ತದೆ.

ನಾನು ಇಷ್ಟು ತಲೆಕೆಡಿಸಿಕೊಳ್ಳಲಿಕ್ಕೆ ಕಾರಣ ನಮ್ಮ ಮನೆಯ ಹತ್ತಿರದ ಒಂದು ಚರಂಡಿ. ನಾನಿರುವುದು ಜಿಲ್ಲೆಯ ಒಂದು ನಗರಸಭೆಯಲ್ಲಿ, ಹೆಸರು ಬೇಡ. ಮೂರು ವರ್ಷದ ಹಿಂದೆ ಗುಡ್ಡೆಯ ಮೇಲಿನ ರಸ್ತೆಗೆ ಕಾಂಕ್ರೀಟು ಹಾಕಿ ಪಕ್ಕದಲ್ಲಿ ಚಂದದ ಚರಂಡಿ ಕಟ್ಟಿದರು. ಕೆಲಸ ಒಳ್ಳೆಯದೇ. ಆದರೆ ಅದು ನಮ್ಮ ಕಂಪೌಂಡಿನ ಮೂಲೆಗೆ ಬಂದು ನಿಂತುಬಿಟ್ಟಿದೆ. ಅಲ್ಲಿಂದ ತೋಡಿಗೆ, ಅಂದರೆ ಬೈಲಿನ ಹಳ್ಳಕ್ಕೆ, ಇನ್ನೂ ಸ್ವಲ್ಪ ದೂರ ಉಂಟು. ಮೊದಲೆಲ್ಲ ಗುಡ್ಡೆಯ ನೀರು ಹತ್ತು ಕಡೆ ಹರಡಿ, ಅಲ್ಲಲ್ಲಿ ಇಂಗಿ, ಉಳಿದದ್ದು ಬೈಲಿಗೆ ಇಳಿಯುತ್ತಿತ್ತು. ಈಗ ಎಲ್ಲ ನೀರೂ ಒಟ್ಟಾಗಿ ನಮ್ಮ ಅಂಗಳಕ್ಕೆ ಬೀಳುತ್ತದೆ. ಕಳೆದ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್ ಹೊತ್ತು) ಒಂದು ರಾತ್ರಿ ಇಡೀ ಮಳೆ. ಬೆಳಿಗ್ಗೆ ಬಾವಿಗೆ ಕೊಡಪಾನ ಇಳಿಸಿದರೆ ಬಂದದ್ದು ಕೆಂಪು ನೀರು. ಸ್ವಲ್ಪ ಹೊತ್ತು ಇಟ್ಟು ನೋಡಿದೆ, ಅಡಿಯಲ್ಲಿ ಎರಡು ಬೆರಳಿನಷ್ಟು ಮಣ್ಣು ಕೂತಿತ್ತು. ಹದಿನೈದು ದಿನ ಪಕ್ಕದ ಮನೆಯಿಂದ ನೀರು ಹೊತ್ತೆವು.

ವಾರ್ಡು ಸಭೆಗೂ ಹೋಗಿದ್ದೆ. ಕೈಗೆ ಕೊಟ್ಟ ಕಾಗದ ಪೂರ್ತಿ ಮಲಯಾಳದಲ್ಲಿ. ನನಗೆ ಮಲಯಾಳ ಮಾತನಾಡಲಿಕ್ಕೆ ಬರುತ್ತದೆ, ಓದುವಾಗ ತಡವರಿಸುತ್ತೇನೆ. ಪಕ್ಕದಲ್ಲಿ ಕೂತಿದ್ದ ನಮ್ಮ ಅತ್ತೆಗೆ ಒಂದಕ್ಷರವೂ ಬರುವುದಿಲ್ಲ. ಮುಂದೆ ನಿಂತವರು ಬಡಬಡ ಓದಿ ಮುಗಿಸಿದರು. ನಾವು ರಿಜಿಸ್ಟರಿಗೆ ಸಹಿ ಹಾಕಿ, ಚಹಾ ಕುಡಿದು ಬಂದೆವು. ಆಮೇಲೆ ವಿಚಾರಿಸಿದರೆ ಚರಂಡಿಯನ್ನು ತೋಡಿಗೆ ಸೇರಿಸುವ ಕೆಲಸ ಪಟ್ಟಿಯಲ್ಲೇ ಇಲ್ಲ. ಯಾರೂ ಕೇಳಿರಲಿಲ್ಲ. ನಾನೂ ಎದ್ದು ನಿಂತು ಕೇಳಲಿಲ್ಲ. ಅದೇ ನನ್ನನ್ನು ಈಗ ಕಾಡುತ್ತಿದೆ.

ಈ ಸಲ ಬರೆದೇ ಕೊಡಬೇಕು ಅಂತ ಇದ್ದೇನೆ. ಹೊಸದಕ್ಕೆ ಅಡಿಗಲ್ಲು ಹಾಕುವ ಮೊದಲು ಅರ್ಧ ಆದದ್ದನ್ನು ಪೂರ್ತಿ ಮಾಡಲಿ, ಇದ್ದದ್ದನ್ನು ನೋಡಿಕೊಳ್ಳಲಿ, ಅದಕ್ಕೆ ಮೊದಲು ಹಣ ತೆಗೆದಿಡಲಿ. ನನ್ನ ಅಭಿಪ್ರಾಯ ಇಷ್ಟೇ. ನಿಮ್ಮ ಕಡೆ ಹೇಗೆ? ಎಂತ ಬರೆಯಬೇಕು, ಯಾರ ಕೈಗೆ ಕೊಡಬೇಕು, ಗೊತ್ತಿದ್ದವರು ಹೇಳಿ.

ನಿವೃತ್ತ ಗುಮಾಸ್ತ

ಅಕ್ಕ, ಸರಿಯಾದ ವಿಷಯ ಎತ್ತಿದ್ದೀರಿ. ನಾನು ಮೂವತ್ತು ವರ್ಷ ಸ್ಥಳೀಯಾಡಳಿತ ಕಚೇರಿಗಳಲ್ಲಿ ಕಡತ ನೋಡಿದವನು. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಇದು ತಿಳಿದುಕೊಳ್ಳಿ. ವಾರ್ಡು ಸಭೆಯ ಹೊತ್ತಿಗೆ ಅಕ್ಕಿ ಅರ್ಧ ಬೆಂದಾಗಿರುತ್ತದೆ. ಅದಕ್ಕಿಂತ ಮೊದಲೇ ವರ್ಕಿಂಗ್ ಗ್ರೂಪುಗಳು ಕೂತು ಕರಡು ಸಲಹೆ ಮಾಡುತ್ತವೆ. ಕೃಷಿಗೆ ಒಂದು, ಆರೋಗ್ಯಕ್ಕೆ ಒಂದು, ಶಿಕ್ಷಣಕ್ಕೆ ಒಂದು, ಕುಡಿಯುವ ನೀರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿಯವರ ಅಭಿವೃದ್ಧಿಗೆ, ಹೀಗೆ. ಒಬ್ಬ ಚುನಾಯಿತ ಸದಸ್ಯರು ಅದರ ಅಧ್ಯಕ್ಷರು, ಆ ಇಲಾಖೆಯ ಅಧಿಕಾರಿ ಸಂಚಾಲಕರು, ವಿಷಯ ಗೊತ್ತಿರುವ ಊರಿನವರು ಸದಸ್ಯರು. ಅವರು ಮಾಡಿದ್ದು ವಾರ್ಡು ಸಭೆಗೆ ಬರುತ್ತದೆ, ಅಲ್ಲಿಂದ ಅಭಿವೃದ್ಧಿ ಸೆಮಿನಾರಿಗೆ, ಆಮೇಲೆ ಕೌನ್ಸಿಲಿಗೆ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಗೆ. ಅಲ್ಲಿ ಒಪ್ಪಿಗೆ ಸಿಕ್ಕಿದ ಮೇಲೆ ನೀವು ಎಷ್ಟು ಕೂಗಿದರೂ ಆ ವರ್ಷಕ್ಕೆ ಏನೂ ಮಾಡಲಿಕ್ಕೆ ಕಷ್ಟ. ಹಾಗಾಗಿ ನಿಮ್ಮ ಅರ್ಜಿ ವರ್ಕಿಂಗ್ ಗ್ರೂಪಿನ ಮೇಜಿಗೆ ಮುಟ್ಟಬೇಕು. ವಾರ್ಡು ಸಭೆಯಲ್ಲಿ ಅದನ್ನೇ ಇನ್ನೊಮ್ಮೆ ಎದ್ದು ನಿಂತು ಹೇಳಿ, ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ. ಬರೆದರಾ ಅಂತ ನೋಡಿಯೇ ಮನೆಗೆ ಬನ್ನಿ.

ಎರಡನೆಯದು ಹಣದ ಸಂಗತಿ. ಹಣ ಇರುವುದು ಬೇರೆ ಬೇರೆ ಕಿಸೆಯಲ್ಲಿ. ಒಂದು, ರಾಜ್ಯದಿಂದ ಬರುವ ಯೋಜನಾ ಹಣ. ಇದರಲ್ಲಿ ನೂರಕ್ಕೆ 10 ಮಹಿಳೆಯರಿಗೆ ಅಂತಲೇ ತೆಗೆದಿಡಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದ ಪಾಲು ಬೇರೆಯೇ ಬರುತ್ತದೆ. ಎರಡು, ಮೆಂಟೆನೆನ್ಸ್ ಗ್ರಾಂಟು. ಇದರಲ್ಲಿ ರಸ್ತೆಗೆ ಬೇರೆ, ಕಟ್ಟಡ ಮುಂತಾದ್ದಕ್ಕೆ ಬೇರೆ. ಈ ಹಣದಲ್ಲಿ ಹೊಸತು ಕಟ್ಟುವಂತಿಲ್ಲ, ಇದ್ದದ್ದನ್ನು ದುರಸ್ತಿ ಮಾಡಬೇಕು. ಮೂರು, ಸ್ವಂತ ಆದಾಯ. ಮನೆ ತೆರಿಗೆ, ವೃತ್ತಿ ತೆರಿಗೆ, ಲೈಸನ್ಸಿನ ಶುಲ್ಕ, ಅಂಗಡಿ ಕೋಣೆಗಳ ಬಾಡಿಗೆ.

ಅಕ್ಕ, ನಿಮ್ಮ ರಸ್ತೆ, ಚರಂಡಿ ಆಸ್ತಿ ರಿಜಿಸ್ಟರಿನಲ್ಲಿ ಏರಿದೆಯಾ ಅಂತ ಮೊದಲು ಕೇಳಿ. ರಿಜಿಸ್ಟರಿನಲ್ಲಿ ಇಲ್ಲದ್ದಕ್ಕೆ ಮೆಂಟೆನೆನ್ಸ್ ಹಣ ಸಿಗುವುದಿಲ್ಲ. ಎಷ್ಟೋ ಒಳದಾರಿಗಳು ಹೀಗೆ ಲೆಕ್ಕಕ್ಕೇ ಸಿಗದೆ ಹಾಳಾಗಿ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗೆ. 1996ರ ಆಗಸ್ಟ್ 17ರಂದು, ಮಲಯಾಳ ವರ್ಷದ ಮೊದಲ ದಿನ ಚಿಂಗಂ ಒಂದಕ್ಕೆ, ಊರಿನ ಯೋಜನೆ ಊರಿನವರೇ ಮಾಡುವ ಜನಕೀಯ ಯೋಜನೆ ಶುರುವಾದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದವನು. ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುತ್ತೇವೆ ಅಂದಾಗ ನಮಗೆ ನಂಬಲಿಕ್ಕೇ ಆಗಲಿಲ್ಲ. ಆಗಿನ ಸಭೆಗಳಲ್ಲಿ ಜನ ಗುಂಪು ಗುಂಪಾಗಿ ಶಾಲೆಯ ಜಗಲಿಯಲ್ಲಿ ಕೂತು ಸಂಜೆವರೆಗೆ ಮಾತನಾಡುತ್ತಿದ್ದರು. ಬಾವಿ ಎಷ್ಟು, ಕೆರೆ ಎಷ್ಟು, ಯಾವ ತೋಡು ಯಾವ ತಿಂಗಳಲ್ಲಿ ಬತ್ತುತ್ತದೆ, ಎಲ್ಲ ಬರೆದುಕೊಂಡೆವು. ಆ ಉತ್ಸಾಹ ಪುನಃ ಬರಬೇಕು ಅಂತ ನನ್ನ ಆಸೆ.

ಉಪ್ಪಳದ ವಿದ್ಯಾರ್ಥಿನಿ

ಅಂಕಲ್, ಒಂದು ಸಣ್ಣ ಪ್ರಶ್ನೆ. ಕನ್ನಡದಲ್ಲಿ ಬರೆದುಕೊಟ್ಟರೆ ತೆಗೆದುಕೊಳ್ಳುತ್ತಾರಾ? ನಮ್ಮ ಅಮ್ಮ ಒಮ್ಮೆ ಒಂದು ಕಚೇರಿಗೆ ಕನ್ನಡದಲ್ಲಿ ಬರೆದು ಕೊಂಡುಹೋಗಿದ್ದರು. ಕೌಂಟರಿನಲ್ಲಿದ್ದವರು "ಇದು ಓದಲಿಕ್ಕೆ ಇಲ್ಲಿ ಯಾರೂ ಇಲ್ಲ" ಅಂದರು. ಅಮ್ಮ ಸುಮ್ನೆ ವಾಪಸ್ ಬಂದರು. ಆ ದಿನ ಅವರ ಮುಖ ನೋಡಲಿಕ್ಕೆ ಆಗಲಿಲ್ಲ.

ನಿವೃತ್ತ ಗುಮಾಸ್ತ

ಮಗಳೇ, ಕನ್ನಡದಲ್ಲಿ ಬರೆಯುವುದು ಯಾರೋ ನಮಗೆ ಮಾಡುವ ಉಪಕಾರ ಅಲ್ಲ. 1969ರ ಕೇರಳ ರಾಜ್ಯಭಾಷಾ ಕಾನೂನಿನಲ್ಲೇ ಉಂಟು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟಿಗೂ ಇಲಾಖೆಯ ಮುಖ್ಯಸ್ಥರಿಗೂ ತಮ್ಮ ಭಾಷೆಯಲ್ಲೇ ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆಯ ಸರಕಾರಿ ಕಚೇರಿಗಳಿಗೂ ಹಾಗೆಯೇ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಅಮ್ಮನಿಗೆ ಹೇಳಿ, ಮುಂದಿನ ಸಲ ಎರಡು ಪ್ರತಿ ಕೊಂಡುಹೋಗಲಿ, ಒಂದಕ್ಕೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳಲಿ. "ಓದುವವರಿಲ್ಲ" ಅಂದರೆ "ಹಾಗಂತ ಬರೆದುಕೊಡಿ" ಅಂತ ಸಮಾಧಾನದಲ್ಲಿ ಕೇಳಲಿ. ಜಗಳ ಬೇಡ.

ಕಟ್ಟದ ಕೃಷಿಕ

ನಾನು ಮುಳ್ಳೇರಿಯ ಕಡೆಯವನು. ನಮ್ಮದು ಪಂಚಾಯತು, ಆದರೆ ಕತೆ ಅಕ್ಕನ ಚರಂಡಿಯದ್ದೇ.

ನಮ್ಮ ತೋಡಿಗೆ ಅಡ್ಡ ಒಂದು ವಿಸಿಬಿ (ವೆಂಟೆಡ್ ಕ್ರಾಸ್ ಬಾರ್, ಹಲಗೆ ಹಾಕುವ ಕಿಂಡಿ ಅಣೆಕಟ್ಟು) ಉಂಟು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ತೋಡಿಗೆ ಅಡ್ಡ ಕಾಂಕ್ರೀಟಿನ ಕಂಬಗಳು, ಕಂಬದಲ್ಲಿ ಹಲಗೆ ಕೂರುವ ಸೀಳು. ಮಳೆ ನಿಂತ ಮೇಲೆ ಆ ಸೀಳಿಗೆ ಹಲಗೆ ಇಳಿಸಬೇಕು. ಎರಡು ಸಾಲು ಹಲಗೆ, ನಡುವೆ ಮಣ್ಣು ತುಂಬಿ ತುಳಿಯಬೇಕು. ನೀರು ನಿಲ್ಲುತ್ತದೆ, ಮೇಲಿನ ಬಾವಿಗಳಿಗೆ ಒಸರು ಬರುತ್ತದೆ. ಮಳೆಗಾಲದ ಮೊದಲು ಹಲಗೆ ತೆಗೆದು ಒಣಗಿಸಿ ಮಾಡಿನ ಅಡಿಯಲ್ಲಿ ಇಡಬೇಕು. ಇಷ್ಟೇ ಕೆಲಸ. ಕಟ್ಟಲಿಕ್ಕೆ ಹಣ ಬಂತು, ಉದ್ಘಾಟನೆಯೂ ಆಯಿತು. ಹಲಗೆಗೆ ಹಣ ಇಡಲಿಲ್ಲ. ಮೊದಲ ಎರಡು ವರ್ಷ ಕೊಟ್ಟ ಹಲಗೆ ಇತ್ತು. ಅದು ತೋಡಿನ ಬದಿಯಲ್ಲೇ ಬಿದ್ದು ಗೆದ್ದಲು ಹಿಡಿಯಿತು. ಈಗ ಕಂಬ ಮಾತ್ರ ಉಳಿದಿದೆ. ಮಳೆಗಾಲದಲ್ಲಿ ಬರುವ ಕಸ, ಮಡಲು, ಬಿದಿರು ಎಲ್ಲ ಕಂಬಕ್ಕೆ ಸಿಕ್ಕಿ ನೀರು ಪಕ್ಕದ ತೋಟಕ್ಕೆ ನುಗ್ಗುತ್ತದೆ. ಇದ್ದು ಉಪಕಾರ ಇಲ್ಲ, ಉಪದ್ರ ಉಂಟು.

ನಮ್ಮ ಅಜ್ಜಂದಿರು ಇದೇ ತೋಡಿಗೆ ಕಲ್ಲು, ಮಣ್ಣು, ಅಡಿಕೆ ಮರದ ಸೀಳು ಹಾಕಿ ಪ್ರತಿ ವರ್ಷ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟುತ್ತಿದ್ದರು. ಊರಿನವರೆಲ್ಲ ಸೇರಿ ಒಂದು ದಿನದ ಕೆಲಸ, ಮಧ್ಯಾಹ್ನ ಒಂದು ಮನೆಯಲ್ಲಿ ಗಂಜಿ ಊಟ. ನಮ್ಮ ಜಿಲ್ಲೆಯ ಏತಡ್ಕದಲ್ಲಿ ಸಾಲಾಗಿ ಕಟ್ಟ ಕಟ್ಟುವ ಕ್ರಮದ ಬಗ್ಗೆ ನೀವೆಲ್ಲ ಕೇಳಿರಬಹುದು. ನಮ್ಮ ಜಿಲ್ಲೆಗೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ರಾಜ್ಯದ 44 ಹೊಳೆಗಳಲ್ಲಿ 12 ನಮ್ಮಲ್ಲೇ ಹರಿಯುತ್ತವೆ. ಆದರೂ ಮಾರ್ಚ್ ಬಂದರೆ ಟ್ಯಾಂಕರಿಗೆ ಕಾಯುತ್ತೇವೆ. ಮುರಕಲ್ಲಿನ ಗುಡ್ಡೆ, ಕಡಿದಾದ ಇಳಿಜಾರು, ಬಿದ್ದ ಮಳೆ ಬೇಗ ಸಮುದ್ರ ಸೇರುತ್ತದೆ. ತಡೆದು ನಿಲ್ಲಿಸಿದರೆ ಮಾತ್ರ ನಮ್ಮದು. ಅದಕ್ಕೇ ಹಿಂದಿನವರು ನೀರಿಗಾಗಿ ಗುಡ್ಡೆ ಕೊರೆದು ಸುರಂಗ ತೆಗೆದರು, ಮಳೆ ನೀರು ನಿಲ್ಲಿಸುವ ಮದಕ (ಗುಡ್ಡೆಯ ಕೆರೆ) ಕಟ್ಟಿದರು.

ಐದು ವರ್ಷದ ಯೋಜನೆಯಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಇರುವ ವಿಸಿಬಿಗಳ ಪಟ್ಟಿ ಮಾಡಲಿ. ಪ್ರತಿಯೊಂದಕ್ಕೂ ಹಲಗೆ, ಅದನ್ನು ಇಡಲಿಕ್ಕೆ ಒಂದು ಸಣ್ಣ ಶೆಡ್ಡು, ಹಾಕಿ ತೆಗೆಯುವ ಜವಾಬ್ದಾರಿ ಹೊರುವ ಕೃಷಿಕರ ಗುಂಪಿಗೆ ಸ್ವಲ್ಪ ಕೂಲಿ. ಒಂದು ಹೊಸ ವಿಸಿಬಿಯ ಹಣದಲ್ಲಿ ಎಷ್ಟೋ ಹಳೆಯವು ಬದುಕುತ್ತವೆ. ನವೆಂಬರಿನಲ್ಲಿ ಹಲಗೆ ಬೀಳಬೇಕು, ಫೆಬ್ರವರಿಯಲ್ಲಿ ಮಂಜೂರಾಗಿ ಬಂದರೆ ತೋಡಿನಲ್ಲಿ ತಡೆಯಲಿಕ್ಕೆ ನೀರೇ ಇರುವುದಿಲ್ಲ.

ಶಾರ್ಜಾದಿಂದ ಕಾಸರಗೋಡಿಗ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಬೇಡಿ. ಬರೀ ದುರಸ್ತಿ ದುರಸ್ತಿ ಅಂತ ಕೂತರೆ ನಮ್ಮ ಊರು ಇದ್ದಲ್ಲೇ ಇರುತ್ತದೆ. 1984ರ ಮೇ 24ಕ್ಕೆ ನಮ್ಮ ಜಿಲ್ಲೆ ಆದದ್ದು, ನಲವತ್ತು ವರ್ಷ ದಾಟಿತು. ಈಗಲೂ ಸ್ವಲ್ಪ ಗಂಭೀರ ಕಾಯಿಲೆ ಅಂದರೆ ಮಂಗಳೂರಿಗೆ ಓಡುತ್ತೇವೆ. ಕಾಲೇಜಿಗೆ ಮಂಗಳೂರು, ಬಟ್ಟೆಗೆ ಮಂಗಳೂರು. ಮಕ್ಕಳನ್ನು ಆಡಿಸಲಿಕ್ಕೆ ಒಂದು ಒಳ್ಳೆಯ ಪಾರ್ಕು ಬೇಡವಾ? ಮಳೆಗಾಲದಲ್ಲಿ ನಾಟಕ, ಯಕ್ಷಗಾನ ಮಾಡಲಿಕ್ಕೆ ಸಾಧಾರಣ ಬಾಡಿಗೆಯ ಒಂದು ಸಭಾಂಗಣ ಬೇಡವಾ? ಐದು ವರ್ಷಕ್ಕೆ ಯೋಚನೆ ಮಾಡುವಾಗ ದೊಡ್ಡದನ್ನೇ ಯೋಚಿಸಬೇಕು.

ಕಾಸರಗೋಡು ಪೇಟೆಗೆ ಹೊಳೆಯ ನೀರು ಬರುವ ಬಾವಿಕೆರೆಯದ್ದನ್ನೇ ತೆಗೆದುಕೊಳ್ಳಿ. ನಾವು ಚಿಕ್ಕವರಿದ್ದಾಗ ಏಪ್ರಿಲ್ ಬಂದರೆ ಪೇಟೆಯ ನಳ್ಳಿಯಲ್ಲಿ ಉಪ್ಪು ನೀರು. ಸಮುದ್ರದ ನೀರು ಹೊಳೆಗೆ ಏರಿ ಬರುತ್ತಿತ್ತು. ಅದನ್ನು ತಡೆಯಲಿಕ್ಕೆ ವರ್ಷ ವರ್ಷ ಮರಳಿನ ಚೀಲ ಇಟ್ಟು ತಾತ್ಕಾಲಿಕ ಕಟ್ಟ ಹಾಕುತ್ತಿದ್ದರು. ಮಳೆಗೆ ಅದು ಕೊಚ್ಚಿ ಹೋಗುತ್ತಿತ್ತು, ಮುಂದಿನ ವರ್ಷ ಪುನಃ ಅದೇ. ಕೊನೆಗೆ ಶಾಶ್ವತ ಅಣೆಕಟ್ಟು ಬಂದ ಮೇಲೆಯೇ ಆ ಖರ್ಚಿಗೆ ಕೊನೆ ಸಿಕ್ಕಿದ್ದು. ಅದೂ ಹೊಸ ಕೆಲಸವೇ ಅಲ್ವಾ?

ಬೈಲಿನ ಮನೆ

ತಮ್ಮಾ, ಬೇಜಾರಿಲ್ಲ. ಬಾವಿಕೆರೆಯ ಮಾತು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಉಪ್ಪು ನೀರಿನಲ್ಲಿ ಅನ್ನ ಮಾಡಿದವಳು ನಾನೂ ಹೌದು. ಗಂಜಿಗೆ ಬೇರೆ ಉಪ್ಪು ಹಾಕಬೇಕಾಗಿರಲಿಲ್ಲ. ಅಲ್ಲಿ ಬೇಕಾದದ್ದು ಹೊಸ ಕಟ್ಟವೇ. "ಹೊಸದು ಬೇಡ" ಅಂತ ನಾನು ಬರೆದಿದ್ದರೆ ಅದು ತಪ್ಪು. ವರ್ಷ ವರ್ಷದ ಖರ್ಚು ನಿಲ್ಲಿಸುವ ಹೊಸದು ಬರಲಿ. ಆದರೆ ಹೊಸದು ಬರುವಾಗಲೇ, ಇದನ್ನು ನಾಳೆ ನೋಡಿಕೊಳ್ಳುವವರು ಯಾರು, ಯಾವ ಹಣದಲ್ಲಿ ಅಂತ ಅದೇ ಕಾಗದದಲ್ಲಿ ಬರೆದಿರಬೇಕು. ಕಟ್ಟದ ಅಣ್ಣನ ಹಲಗೆಗೂ, ನಿಮ್ಮ ಪಾರ್ಕಿಗೂ ಈ ಮಾತು ಒಂದೇ. ಪಾರ್ಕು ಮಾಡಿ ಎರಡು ವರ್ಷದಲ್ಲಿ ಉಯ್ಯಾಲೆಯ ಸರಪಳಿ ತುಂಡಾದರೆ ಹಾಕಿಸುವವರು ಯಾರು?

ಶಾರ್ಜಾದಿಂದ ಕಾಸರಗೋಡಿಗ

ಅದನ್ನು ಒಪ್ಪುತ್ತೇನೆ ಅಕ್ಕ. ನಮ್ಮ ಕ್ಲಬ್ಬಿನವರು ಪಾರ್ಕನ್ನು ನೋಡಿಕೊಳ್ಳಲಿಕ್ಕೆ ತಯಾರಿದ್ದೇವೆ ಅಂತ ಬರೆದುಕೊಡಬಹುದಾ?

ನಿವೃತ್ತ ಗುಮಾಸ್ತ

ಬರೆದುಕೊಡಿ. ತೂಕ ಬರುತ್ತದೆ. ಕ್ಲಬ್ಬಿನ ರಿಜಿಸ್ಟ್ರೇಷನ್ ನಂಬರ್ ಹಾಕಿ.

ಪೇಟೆ ಅಂಗಡಿ

ನಾನು ಪೇಟೆಯಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟವನು. ಖರ್ಚಿನ ಮಾತು ಎಲ್ಲರೂ ಆಡುತ್ತಾರೆ, ಆದಾಯದ ಮಾತು ಯಾರೂ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಲೈಸನ್ಸು, ವೃತ್ತಿ ತೆರಿಗೆ, ಬಾಡಿಗೆ, ಕಸ ಒಯ್ಯುವ ಹರಿತ ಕರ್ಮ ಸೇನೆಯ ಶುಲ್ಕ ಎಲ್ಲ ಕಟ್ಟುತ್ತೇವೆ. ಕಟ್ಟಬೇಕು ಕೂಡ. ಆದರೆ ಎಷ್ಟು ವಸೂಲಾಯಿತು, ಎಷ್ಟು ಬಾಕಿ ಉಂಟು, ಅದರಲ್ಲಿ ನಮ್ಮ ಬೀದಿಗೆ ಎಷ್ಟು ಬಂತು ಅಂತ ಒಂದು ಬೋರ್ಡಿನಲ್ಲಿ ಬರೆದು ಹಾಕಿದರೆ ಕೊಡುವವನಿಗೂ ಮನಸ್ಸು ಬರುತ್ತದೆ. ಕನ್ನಡದಲ್ಲಿ, ಮಲಯಾಳದಲ್ಲಿ, ಎರಡರಲ್ಲೂ.

ಬಾಡಿಗೆ ಬರುತ್ತದೆ ಅಂತ ಹೊಸ ಕಾಂಪ್ಲೆಕ್ಸ್ ಕಟ್ಟುವ ಯೋಚನೆ ಪ್ರತಿ ಸಲ ಬರುತ್ತದೆ. ನನ್ನ ಅನುಭವ ಕೇಳಿ. ಒಂದು ಕಡೆ ಮೊದಲ ಮಹಡಿಯಲ್ಲಿ ಕೋಣೆ ತೆಗೆದುಕೊಂಡಿದ್ದೆ, ಎಲ್ಲಿ ಅಂತ ಬೇಡ. ಮೆಟ್ಟಿಲು ಹಿಂದಿನ ಬದಿಯಲ್ಲಿ, ನೀರಿಲ್ಲ, ಶೌಚಾಲಯಕ್ಕೆ ಬೀಗ. ಅಕ್ಕಿ ಮೂಟೆ ಹೊತ್ತು ಮೇಲೆ ಏರುವ ಗಿರಾಕಿ ಯಾರಿದ್ದಾರೆ? ಒಂದೂವರೆ ವರ್ಷಕ್ಕೆ ಮುಚ್ಚಿದೆ, ಡೆಪಾಸಿಟ್ಟಿಗೆ ಮಾಡಿದ ಸಾಲ ಇನ್ನೂ ತೀರಿಸುತ್ತಿದ್ದೇನೆ. ಕಟ್ಟುವ ಮೊದಲು ಹತ್ತು ಜನ ವ್ಯಾಪಾರಿಗಳನ್ನು ಕರೆದು ಕೇಳಿದ್ದರೆ ಆ ಮೆಟ್ಟಿಲು ಮುಂದೆ ಬರುತ್ತಿತ್ತು.

ಮತ್ತೆ ಹೆದ್ದಾರಿ. 66ನೇ ರಾಷ್ಟ್ರೀಯ ಹೆದ್ದಾರಿ ಆರು ಲೇನಾಗಿ, ಪೇಟೆಯ ಮೇಲೆ ಫ್ಲೈಓವರ್ ಬಂತು. ಹೆದ್ದಾರಿ ನಗರಸಭೆಯದ್ದಲ್ಲ, ಕೇಂದ್ರದ್ದು, ನಿಜ. ಆದರೆ ಅಲ್ಲಿಂದ ಇಳಿಯುವ ಮಳೆ ನೀರು ನಮ್ಮ ಒಳರಸ್ತೆಗೇ ಬರುವುದು. ಮುಂದಿನ ಐದು ವರ್ಷದಲ್ಲಿ ಪೇಟೆಯ ಚರಂಡಿಗಳ ಲೆಕ್ಕ ಹಾಕುವಾಗ ಈ ಹೊಸ ನೀರನ್ನೂ ಸೇರಿಸಿ ಅಳತೆ ಮಾಡಬೇಕು. ಹಳೆಯ ಅಗಲದ ಚರಂಡಿಯನ್ನೇ ಪುನಃ ಕಟ್ಟಿದರೆ ಅಕ್ಕನ ಅಂಗಳದ ಗತಿ ನಮ್ಮ ಅಂಗಡಿಗೂ ಬರುತ್ತದೆ.

ನೆಲ್ಲಿಕುಂಜೆ ಕಡಲು

ಪೇಟೆಯಣ್ಣ ಹೇಳಿದ್ದು ಸರಿ. ಪೇಟೆಯ ಚರಂಡಿಯ ನೀರು ಕೊನೆಗೆ ಬರುವುದು ನಮ್ಮ ಕಡಲ ಬದಿಗೆ. ಜೊತೆಗೆ ಪ್ಲಾಸ್ಟಿಕ್ಕೂ ಬರುತ್ತದೆ. ಬಲೆ ಎಳೆದರೆ ಮೀನಿಗಿಂತ ಮೊದಲು ತೊಟ್ಟೆ ಸಿಗುತ್ತದೆ. ಚರಂಡಿಯ ಬಾಯಿಗೆ ಒಂದು ಜಾಲರಿ ಹಾಕಿಸಿ, ವಾರಕ್ಕೊಮ್ಮೆ ತೆಗೆಯಲಿಕ್ಕೆ ಇಬ್ಬರನ್ನು ಇಡಿ. ಇದನ್ನೂ ಬರೆದುಕೊಳ್ಳಿ ಅಕ್ಕ.

ಪಾಲಿಯೇಟಿವ್ ಸ್ವಯಂಸೇವಕಿ

ರಸ್ತೆ, ಚರಂಡಿಯ ನಡುವೆ ಒಂದು ಬೇರೆ ವಿಷಯ. ಸ್ಥಳೀಯ ಸಂಸ್ಥೆಗಳ ಹಣದಲ್ಲಿ ನಡೆಯುವ ಪಾಲಿಯೇಟಿವ್ ಸೇವೆ ನಿಮಗೆ ಗೊತ್ತಿರಬಹುದು. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹೋಗಿ ಗಾಯ ತೊಳೆದು, ಟ್ಯೂಬು ಬದಲಿಸಿ, ಮದ್ದು ಕೊಟ್ಟು ಬರುತ್ತಾರೆ. ನಾನು ನಾಲ್ಕು ವರ್ಷದಿಂದ ಜೊತೆಗೆ ಹೋಗುತ್ತಿದ್ದೇನೆ. ನನಗೆ ಕೇರಳದ ಬಗ್ಗೆ ತುಂಬ ಹೆಮ್ಮೆ ಇರುವ ವಿಷಯ ಇದು.

ಕಳೆದ ವರ್ಷ ಒಂದು ಮನೆಗೆ ಹೋದೆವು. ಎಂಬತ್ತು ದಾಟಿದ ಅಜ್ಜಿ, ಸೊಂಟದ ಹತ್ತಿರ ಹುಣ್ಣು. ಹೊಸದಾಗಿ ಬಂದ ಸಿಸ್ಟರ್ ತುಂಬ ಒಳ್ಳೆಯವರು, ದೂರದ ಜಿಲ್ಲೆಯವರು, ಕನ್ನಡವಾಗಲಿ ತುಳುವಾಗಲಿ ಬರುವುದಿಲ್ಲ. ಎಲ್ಲಿ ನೋವು ಅಂತ ಕೇಳಿದರು. ಅಜ್ಜಿ ತುಳುವಿನಲ್ಲಿ ಹೇಳುತ್ತಿದ್ದಾರೆ, ಉರಿಯುತ್ತದೆ, ರಾತ್ರಿ ಹೊತ್ತು ಸೆಳೆಯುತ್ತದೆ, ಬಲಗಾಲು ಜೋಮು ಹಿಡಿಯುತ್ತದೆ ಅಂತ. ಸಿಸ್ಟರಿಗೆ ಅರ್ಥ ಆದದ್ದು "ನೋವು ಉಂಟು" ಅಂತ ಮಾತ್ರ. ನಾನು ಪಕ್ಕದಲ್ಲಿ ಕೂತು ಒಂದೊಂದೇ ಮಾತು ಬಿಡಿಸಿ ಹೇಳಿದೆ. ಸಿಸ್ಟರ್ ಬರೆದುಕೊಂಡು ಡಾಕ್ಟರಿಗೆ ತಿಳಿಸಿದರು, ಮದ್ದು ಬದಲಾಯಿತು. ಮುಂದಿನ ವಾರ ಹೋದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು "ನಾಲ್ಕು ದಿನ ಆಯ್ತು, ನಿದ್ರೆ ಬರ್ತಾ ಉಂಟು" ಅಂದರು.

ನಾನು ಆ ದಿನ ಹೋಗದೆ ಇದ್ದಿದ್ದರೆ? ಅದಕ್ಕೇ ಬೇಡಿಕೆಯಲ್ಲಿ ಇದನ್ನು ಸೇರಿಸಿ. ಕನ್ನಡ, ತುಳು ಮಾತನಾಡುವ ಮನೆಗಳಿರುವ ವಾರ್ಡುಗಳಿಗೆ ಆ ಭಾಷೆ ಬರುವ ಒಬ್ಬ ಸಹಾಯಕಿ ನರ್ಸಿನ ಜೊತೆ ಇರಲಿ. ತಿಂಗಳಿಗೆ ಸ್ವಲ್ಪ ಗೌರವಧನ ಸಾಕು. ಭಾಷೆಯ ವಿಷಯ ಅಂದರೆ ನಾವು ಬೋರ್ಡು, ಅರ್ಜಿ ಅಂತ ಮಾತ್ರ ಯೋಚಿಸುತ್ತೇವೆ. ಹಾಸಿಗೆ ಹಿಡಿದವರಿಗೆ ಅದು ಮದ್ದಿನಷ್ಟೇ ಮುಖ್ಯ.

ಉಪ್ಪಳದ ವಿದ್ಯಾರ್ಥಿನಿ

ಅಕ್ಕ, ಓದಿ ಕಣ್ಣು ತುಂಬಿ ಬಂತು. ರಜೆಯಲ್ಲಿ ನಾನು ಬರಬಹುದಾ ನಿಮ್ಮ ಜೊತೆ?

ಪಾಲಿಯೇಟಿವ್ ಸ್ವಯಂಸೇವಕಿ

ಬಾ ತಂಗಿ. ಮೊದಲು ಸ್ವಲ್ಪ ತರಬೇತಿ ಉಂಟು, ನಿಮ್ಮ ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸು.

ಕಟ್ಟದ ಕೃಷಿಕ

ಅಕ್ಕಂದಿರೇ, ಒಂದು ಸಂಶಯ. ಇಷ್ಟೆಲ್ಲ ಬರೆದುಕೊಟ್ಟರೆ ಒಂದೇ ಅರ್ಜಿಯಲ್ಲಿ ಹತ್ತು ವಿಷಯ ಆಗಲಿಲ್ಲವಾ? ನಮ್ಮಲ್ಲಿ ಒಮ್ಮೆ ಹಾಗೆ ಕೊಟ್ಟು ಯಾವುದೂ ಆಗಲಿಲ್ಲ.

ನಿವೃತ್ತ ಗುಮಾಸ್ತ

ಒಳ್ಳೆಯ ಪ್ರಶ್ನೆ ಅಣ್ಣ. ಒಂದು ವಿಷಯಕ್ಕೆ ಒಂದು ಕಾಗದ. ವಿಸಿಬಿಯದ್ದು ಕೃಷಿಯ ಗುಂಪಿಗೆ, ಸಹಾಯಕಿಯದ್ದು ಆರೋಗ್ಯದ ಗುಂಪಿಗೆ, ಚರಂಡಿಯದ್ದು ರಸ್ತೆ, ಚರಂಡಿ ನೋಡುವ ಗುಂಪಿಗೆ. ಒಟ್ಟು ಮಾಡಿ ಕೊಟ್ಟರೆ ಅದು ಒಂದು ಮೇಜಿನಿಂದ 'ಮುಂದಿನ ಕ್ರಮಕ್ಕೆ' ಅಂತ ಇನ್ನೊಂದು ಮೇಜಿಗೆ ತಿರುಗುತ್ತಲೇ ಇರುತ್ತದೆ.

ಮತ್ತೆ "ರಸ್ತೆ ಸರಿ ಮಾಡಿ", "ನೀರು ಕೊಡಿ" ಅಂತ ಬರೆಯಬೇಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್ ಉದ್ದ, ಎಷ್ಟು ಅಗಲ, ಎಷ್ಟು ಮನೆಗೆ ಉಪಕಾರ, ಜಾಗ ಯಾರದ್ದು. ಇಷ್ಟು ಇದ್ದರೆ ಓವರ್ಸಿಯರಿಗೆ ಎಸ್ಟಿಮೇಟ್ ಮಾಡಲಿಕ್ಕೆ ಸುಲಭ. ಖಾಸಗಿ ಜಾಗದಲ್ಲಿ ಹೋಗುವುದಾದರೆ ಆ ಮನೆಯವರ ಒಪ್ಪಿಗೆ ಪತ್ರ ಮೊದಲೇ ಇರಲಿ. ಎಷ್ಟೋ ಕೆಲಸ ಹಣ ಇದ್ದೂ ನಿಲ್ಲುವುದು ಇಲ್ಲಿಯೇ. ಮಾರ್ಚ್ ತಿಂಗಳಲ್ಲಿ ಜಾಗದ ತಕರಾರು ಗೊತ್ತಾಗುತ್ತದೆ, ಬಿಲ್ಲು ಟ್ರೆಶರಿಗೆ ಹೋಗುವುದಿಲ್ಲ, ಕೆಲಸ ಮುಂದಿನ ವರ್ಷಕ್ಕೆ ಸ್ಪಿಲ್ ಓವರ್ ಆಗುತ್ತದೆ. ಹಾಗೆ ಮುಂದೆ ಹೋದದ್ದು ಮುಂದಿನ ವರ್ಷದ ಹಣವನ್ನೂ ತಿನ್ನುತ್ತದೆ.

ಇನ್ನೊಂದು. ವಾರ್ಡು ಸಭೆಗೆ ಒಂದು ವಾರ ಮೊದಲು ಕರಡಿನ ಸಾರಾಂಶ ಕನ್ನಡದಲ್ಲಿ ಮನೆಗೆ ಮುಟ್ಟಬೇಕು ಅಂತ ಪ್ರತ್ಯೇಕ ಕಾಗದದಲ್ಲಿ ಕೇಳಿ. ಅನುವಾದ ಮಾಡುವವರಿಲ್ಲ ಅಂದರೆ ನಾನು ಮಾಡಿಕೊಡುತ್ತೇನೆ. ದುಡ್ಡು ಬೇಡ.

ಪೇಟೆ ಅಂಗಡಿ

ಪ್ರಿಂಟ್ ತೆಗೆಯುವ ಖರ್ಚು ನನ್ನದು.

ಬೈಲಿನ ಮನೆ

ನಾಲ್ಕು ದಿನ ಇಲ್ಲಿ ಬರಲಿಕ್ಕೆ ಆಗಲಿಲ್ಲ, ಕ್ಷಮಿಸಿ. ಕೆಲಸ ನಡೆಯುತ್ತಾ ಉಂಟು.

ಗುಮಾಸ್ತ ಅಣ್ಣ ಹೇಳಿದ ಹಾಗೆ ರಿಜಿಸ್ಟರ್ ವಿಚಾರಿಸಿದೆ. ರಸ್ತೆ ಏರಿದೆ, ಚರಂಡಿ ಏರಿಲ್ಲ. ಅದನ್ನು ಏರಿಸಲಿಕ್ಕೆ ಬೇರೆ ಅರ್ಜಿ ಬರೆದೆ.

ಶನಿವಾರ ಸಂಜೆ ನಾನು, ನಮ್ಮ ಮಗ, ಪಕ್ಕದ ಮನೆಯ ಇಬ್ಬರು ಮಕ್ಕಳು ಟೇಪು ಹಿಡಿದು ಅಳತೆ ಮಾಡಿದೆವು. ಚರಂಡಿ ನಿಂತ ಮೂಲೆಯಿಂದ ತೋಡಿಗೆ 62 ಮೀಟರ್. ಇಷ್ಟು ವರ್ಷ ನಾನು ಅದನ್ನು ದೊಡ್ಡ ದೂರ ಅಂತಲೇ ಅಂದುಕೊಂಡಿದ್ದೆ. ಹನ್ನೊಂದು ಮನೆಗಳ ಬಾವಿಗೆ ಉಪಕಾರ ಆಗುತ್ತದೆ. ಇಡೀ ಚರಂಡಿ ಸಿಮೆಂಟು ಮಾಡುವುದು ಬೇಡ, ನಡುವೆ ಎರಡು ಕಡೆ ಇಂಗುಗುಂಡಿ ಇರಲಿ ಅಂತ ಬರೆದಿದ್ದೇನೆ. ಕಟ್ಟದ ಅಣ್ಣ ಬರೆದದ್ದು ಓದಿದ ಮೇಲೆ ಬಂದ ಯೋಚನೆ ಅದು. ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ಮಣ್ಣು ತೆಗೆಯುವ ಕೆಲಸ ನಮ್ಮ ಕುಟುಂಬಶ್ರೀ (ಮಹಿಳೆಯರ ಸ್ವಸಹಾಯ) ಘಟಕ ಮಾಡುತ್ತದೆ, ಕೂಲಿ ಮೆಂಟೆನೆನ್ಸ್ ಹಣದಿಂದ ಕೊಡಲಿ ಅಂತಲೂ ಸೇರಿಸಿದೆವು. ಘಟಕದ ಹದಿನಾಲ್ಕು ಜನರೂ ಸಹಿ ಹಾಕಿದ್ದಾರೆ.

ನಡುವಿನ 20 ಮೀಟರ್ ಒಬ್ಬರು ಇತ್ತಾಳ ಜಾಗ. ನಾವು ಇತ್ತ ಅಂತ ಕರೆಯುವ ಬ್ಯಾರಿ ಅಜ್ಜಿ, ನಮಗೆ ಆ ಹದಿನೈದು ದಿನ ನೀರು ಕೊಟ್ಟವರೂ ಅವರೇ. ಒಪ್ಪಿಗೆ ಪತ್ರಕ್ಕೆ ಹೋದಾಗ ಹೇಗೆ ಕೇಳುವುದು ಅಂತ ನನಗೆ ಹಿಂಜರಿಕೆ. ಅವರು "ಹಲಸಿನ ಮರದ ಬೇರಿಗೆ ತಾಗಬಾರದು, ಅಷ್ಟೇ" ಅಂದು ಹೆಬ್ಬೆಟ್ಟು ಒತ್ತಿದರು. ಹಾಗಾಗಿ ಆ ಕಡೆ ಒಂದೂವರೆ ಮೀಟರ್ ಬಿಟ್ಟು ತಿರುವು ಕೊಡಬೇಕು ಅಂತ ನಕ್ಷೆಯಲ್ಲಿ ಗುರುತು ಹಾಕಿದೆವು. ಅವರ ಮೊಮ್ಮಗಳು ಅರ್ಜಿಯ ಮಲಯಾಳ ಪ್ರತಿಯನ್ನೂ ಬರೆದುಕೊಟ್ಟಳು. ಕನ್ನಡದ್ದು ಮೇಲೆ, ಮಲಯಾಳದ್ದು ಅಡಿಯಲ್ಲಿ ಪಿನ್ನು ಹಾಕಿ ಇಟ್ಟಿದ್ದೇನೆ.

ಪಾಲಿಯೇಟಿವ್ ತಂಗಿಯ ವಿಷಯ ಬೇರೆ ಕಾಗದದಲ್ಲಿ ಬರೆದೆ. ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಆರು ಜನ, ಅವರಲ್ಲಿ ನಾಲ್ಕು ಮನೆಯ ಮಾತು ಕನ್ನಡ ಇಲ್ಲವೇ ತುಳು. ಅದನ್ನೂ ಹಾಕಿದ್ದೇನೆ. ನೆಲ್ಲಿಕುಂಜೆಯ ಜಾಲರಿಯನ್ನು ಅವರ ವಾರ್ಡಿನವರೇ ಕೊಟ್ಟರೆ ಒಳ್ಳೆಯದು, ಬರೆಯಲಿಕ್ಕೆ ಸಹಾಯ ಬೇಕಾದರೆ ಹೇಳಿ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕೊಡಲಿಕ್ಕೆ ಹೋಗುತ್ತೇವೆ. ಅತ್ತೆಯೂ ಬರುತ್ತೇನೆ ಅಂದಿದ್ದಾರೆ.

ನಿವೃತ್ತ ಗುಮಾಸ್ತ

ತುಂಬ ಸಂತೋಷ ಅಕ್ಕ. ಸರ್ವೆ ನಂಬರ್ ಬರೆದಿದ್ದೀರಾ?

ಬೈಲಿನ ಮನೆ

ಇತ್ತಾಳ ಜಾಗದ್ದು ಬರೆದಿದ್ದೇನೆ. ತೋಡಿನ ಬದಿಯದ್ದು ಗೊತ್ತಿಲ್ಲ, ನಾಳೆ ವಿಲೇಜ್ ಆಫೀಸಿನಲ್ಲಿ ಕೇಳಿಕೊಂಡು ಬರುತ್ತೇನೆ.